ತಲೆ ಮೇಲೆ ಬೇಡ, ಕಣ್ಣೆದುರಿಗೆ ಹಾರಲಿ

ಪ್ರಶ್ನೆ: ಈ ಸಲ ಕನ್ನಡ ರಾಜ್ಯೋತ್ಸವಕ್ಕೆ ನಮ್ಮೂರ ಹೈಸ್ಕೂಲು ಮೈದಾನದಲ್ಲಿ ಮಾಡೆಲ್ ವಿಮಾನ ಕ್ಲಬ್‌ನವರಿಂದ ಹಾರಾಟ ಮಾಡಿಸಬೇಕು ಅಂತಿದ್ದೇವೆ. ಊರಿನ ಜನ ಎಲ್ಲಾ ಸೇರ್ತಾರೆ. ಮೈದಾನದ ನಾಲ್ಕೂ ಕಡೆ ನಿಲ್ಲಿಸಿದರೆ ಎಲ್ಲರಿಗೂ ಕಾಣುತ್ತೆ ಅಲ್ವಾ? ಕೊನೆಗೆ ವೇದಿಕೆ ಮೇಲೆ ಹೂವು ಸುರಿಸಬಹುದಾ? ಅನುಮತಿ ಏನಾದರೂ ಬೇಕಾ?
— ಸಮಿತಿ ಸದಸ್ಯರೊಬ್ಬರು, ತಿಪಟೂರು

ಉತ್ತರ: ಖಂಡಿತ ಮಾಡಿಸಿ. ಎನ್‌ಸಿಸಿ ಮಕ್ಕಳಿಗೆ ಏರೋಮಾಡೆಲಿಂಗ್ ಕಲಿಸುತ್ತಾ ಬಂದವನು ನಾನು. ಬಾಲ್ಸಾ ಅನ್ನುವ ಹಗುರ ಮರದ ವಿಮಾನ ನೆಲ ಬಿಟ್ಟು ಏಳುವಾಗ ಮಕ್ಕಳ ಮುಖ ನೋಡುವುದು ನನಗೆ ಇವತ್ತಿಗೂ ದೊಡ್ಡ ಖುಷಿ. ಆದರೆ ನಾಲ್ಕೂ ಕಡೆ ಜನ ಬೇಡ. ಜನ ಒಂದೇ ಕಡೆ ಇರಲಿ. ಇದೊಂದರಲ್ಲಿ ನಾನು ರಾಜಿಯಾಗುವುದಿಲ್ಲ.

ಕಾರಣ ಹೇಳುತ್ತೇನೆ. 2 ಕೆಜಿ ತೂಕದ ವಿಮಾನ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿದೆ ಅನ್ನಿ. ಅದರಲ್ಲಿರುವ ಶಕ್ತಿ, 40 ಕೆಜಿ ಅಕ್ಕಿ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರ್ ಬೇರೆ. ಸುತ್ತಲೂ ಜನ ಇದ್ದರೆ ಏನಾದರೂ ಕೆಟ್ಟಾಗ ವಿಮಾನವನ್ನು ಕೆಡವಲು ಪೈಲಟ್‌ಗೆ ಖಾಲಿ ಜಾಗವೇ ಸಿಗುವುದಿಲ್ಲ. ಇನ್ನೊಂದು ಕಷ್ಟವೂ ಇದೆ. ವಿಮಾನ ದೂರ ಹೋಗುವಾಗ ಎಡ ಅಂದರೆ ಎಡ. ಎದುರಿಗೆ ಬರುವಾಗ ಅದರ ಎಡ ನಮ್ಮ ಬಲ. ಪಳಗಿದ ಕೈಯೂ ಒಂದು ಕ್ಷಣ ತಡವರಿಸುತ್ತದೆ. ಆ ಕ್ಷಣದಲ್ಲಿ ಕೆಳಗೆ ಯಾರೂ ಇರಬಾರದು.

ಬೆಳಿಗ್ಗೆಯ ಕಾರ್ಯಕ್ರಮ ಆದ್ದರಿಂದ ಜನರನ್ನು ಮೈದಾನದ ಪೂರ್ವಕ್ಕೆ ನಿಲ್ಲಿಸಿ. ಸೂರ್ಯ ಬೆನ್ನಿಗಿರಲಿ. ಅವರ ಮುಂದೆ ಹಗ್ಗ, ಹಗ್ಗದ ಮುಂದೆ ಪೈಲಟ್, ಪೈಲಟ್ ಮುಂದೆ ವಿಮಾನ. ಹಗ್ಗದಿಂದ ಹಾರುವ ದಾರಿಗೆ ನಾನು 30 ಮೀಟರ್‌ಗಿಂತ ಕಡಿಮೆ ಎಂದೂ ಬಿಡುವುದಿಲ್ಲ. ಜೋರು ವಿಮಾನವಾದರೆ ಇನ್ನೂ ಜಾಸ್ತಿ. ಧ್ವಜಾರೋಹಣ ಮುಗಿದ ಕೂಡಲೇ ಹಾರಿಸಿ. ಹೊತ್ತೇರಿದಂತೆ ನೆಲ ಕಾದು ಗಾಳಿ ಏಳುತ್ತದೆ, ಚಿಕ್ಕ ವಿಮಾನ ಓಲಾಡುತ್ತದೆ. ಗಾಳಿ ಜನರ ಕಡೆಗೇ ಬೀಸುತ್ತಿದ್ದರೆ ಕಾಯಿರಿ. ಮೋಟಾರು ನಿಂತ ವಿಮಾನ ಗಾಳಿ ಹೋದ ಕಡೆ ಸರಿಯುತ್ತದೆ. ಶಾಸಕರು ಹೊರಡುವ ಹೊತ್ತಾಯಿತು ಅಂತ ಯಾರೂ ಪೈಲಟ್‌ಗೆ ಅವಸರ ಮಾಡಬಾರದು.

ಹೂವು? ವೇದಿಕೆ ಮೇಲೆ ಬೇಡವೇ ಬೇಡ. ಮೈದಾನದ ನಡುವೆ ಸುರಿಸಲಿ. ದೂರದಿಂದ ನೋಡಿದರೇ ಅದು ಚೆನ್ನಾಗಿ ಕಾಣುವುದು.

ಕ್ಲಬ್‌ನವರಿಗೆ ಹಿಂದಿನ ದಿನವೇ ಬಂದು ಮೈದಾನ ನೋಡಲು ಹೇಳಿ. ಆಗ ಒಂದು ಪರೀಕ್ಷೆ ಮಾಡಿಸಿ. ವಿಮಾನವನ್ನು ನೆಲದಲ್ಲಿ ಗಟ್ಟಿಯಾಗಿ ಹಿಡಿದು, ಮೋಟಾರು ಓಡುತ್ತಿರುವಾಗ ಅವರೇ ರಿಮೋಟ್ ಆಫ್ ಮಾಡಲಿ. ಮೋಟಾರು ತಾನೇ ನಿಲ್ಲಬೇಕು. ಇದಕ್ಕೆ ಫೇಲ್‌ಸೇಫ್ ಅನ್ನುತ್ತಾರೆ. ನಿಲ್ಲದಿದ್ದರೆ ಆ ವಿಮಾನ ಹಾರುವುದು ಬೇಡ.

ಮೈದಾನ ಚಿಕ್ಕದು, ಪಕ್ಕದಲ್ಲೇ ರಸ್ತೆ ಅಂತಾದರೆ ಕಂಟ್ರೋಲ್ ಲೈನ್ ವಿಮಾನ ಕೇಳಿ. 15ರಿಂದ 20 ಮೀಟರ್ ಉದ್ದದ ಎರಡು ಉಕ್ಕಿನ ತಂತಿ ಹಿಡಿದು ಪೈಲಟ್ ನಡುವೆ ನಿಲ್ಲುತ್ತಾನೆ, ವಿಮಾನ ಅವನ ಸುತ್ತ ಹಾರುತ್ತದೆ. ತಂತಿಗೆ ಸಿಗುವಷ್ಟೇ ಅದರ ಜಾಗ. ಮೆಥನಾಲ್, ಹರಳೆಣ್ಣೆ ಬೆರೆಸಿದ ಇಂಧನದ ವಾಸನೆ, ಎಂಜಿನ್ನಿನ ಕೂಗು! ನನ್ನ ಮಟ್ಟಿಗೆ ಊರ ಜನರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹತ್ತಿರ ಕರೆಂಟಿನ ತಂತಿ ಇರಲೇಬಾರದು, ಪೈಲಟ್ ಪ್ರಾಣಕ್ಕೇ ಅಪಾಯ.

ಇನ್ನು ಅನುಮತಿ. ರಿಮೋಟ್ ವಿಮಾನಕ್ಕೂ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ನಿಮ್ಮ ಊರು ಹಸಿರು ವಲಯದಲ್ಲಿ, ಅಂದರೆ ಮುಂಚಿತ ಅನುಮತಿ ಇಲ್ಲದೆ ಹಾರಿಸಬಹುದಾದ ಜಾಗದಲ್ಲಿ ಇದೆಯಾ ಅಂತ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನೋಡಿ. ಅಲ್ಲಿ ಸಾಮಾನ್ಯವಾಗಿ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ಪೊಲೀಸ್ ಠಾಣೆಗೂ ಮೊದಲೇ ಬರೆದು ಕೊಡಿ. ಎಸ್‌ಪಿ ದರ್ಜೆಯ ಅಧಿಕಾರಿ ಒಂದು ಜಾಗವನ್ನು 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಹಾಗಾದರೆ ಹಾರಾಟ ಇಲ್ಲ. ಕ್ಲಬ್‌ನವರ ಹತ್ತಿರ ಥರ್ಡ್ ಪಾರ್ಟಿ ವಿಮೆ ಇದೆಯಾ, ಕೇಳಿ ನೋಡಿ.

ಪ್ರಶ್ನೆ: ಇಂಥದೊಂದು ಪ್ರದರ್ಶನ ನೋಡಿ ಬಂದಾಗಿನಿಂದ ಎಂಟನೇ ಕ್ಲಾಸಿನ ಮಗಳು ರಿಮೋಟ್ ವಿಮಾನ ಬೇಕು ಅಂತ ಹಟ ಹಿಡಿದಿದ್ದಾಳೆ. ಕೊಡಿಸಲಾ?
— ತಾಯಿಯೊಬ್ಬರು, ಹಾವೇರಿ

ಉತ್ತರ: ಕೊಡಿಸಿ, ಆದರೆ ಈಗಲೇ ಬೇಡ. ಮೊದಲು ಥರ್ಮೋಕೋಲ್ ಹಾಳೆಯಲ್ಲಿ ಕೈಯಿಂದ ಎಸೆಯುವ ಗ್ಲೈಡರ್ ಅವಳೇ ಮಾಡಲಿ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಷ್ಟು ಹಿಂದೆ ಎರಡೂ ಬದಿ ಬೆರಳಿಟ್ಟು ಎತ್ತಿದರೆ ಅದು ಸಮವಾಗಿ ನಿಲ್ಲಬೇಕು. ಎಸೆದಾಗ ಮೂತಿ ಎತ್ತಿ, ನಿಂತು, ಮತ್ತೆ ಬೀಳುತ್ತಿದ್ದರೆ ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಲಿ. ನೇರ ನೆಲಕ್ಕೆ ಹೋದರೆ ಸ್ವಲ್ಪ ತೆಗೆಯಲಿ. ಇದನ್ನು ಕೈಯಾರೆ ಸರಿಮಾಡಿ ಕಲಿತ ಮಗುವಿಗೆ ರಿಮೋಟ್ ಬೇಗ ಒಲಿಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್, ಅಂದರೆ ಪರದೆ ಮೇಲೆ ವಿಮಾನ ಹಾರಿಸಿ ಕಲಿಯುವುದು, ಆಮೇಲೆ ನಿಜವಾದ ವಿಮಾನ. ಅವಳ ಶಾಲೆಯಲ್ಲಿ ಎನ್‌ಸಿಸಿ ಏರ್ ವಿಂಗ್ ಇದೆಯಾ ವಿಚಾರಿಸಿ. ಹೆಣ್ಣುಮಕ್ಕಳಿಗೂ ಅಲ್ಲಿ ಏರೋಮಾಡೆಲಿಂಗ್ ಕಲಿಸುತ್ತಾರೆ.