ತುರ್ತು ಚಿಕಿತ್ಸೆ ಎಲ್ಲರಿಗೂ ಸಿಕ್ಕರೆ ಸಾಕೇ?

ಪ್ರಶ್ನೆ: ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ನೋಡಬೇಕು ಎನ್ನುತ್ತಾರೆ. ಹಾಗಿದ್ದರೆ ಆರೋಗ್ಯ ಸೇವೆ ಎಲ್ಲರಿಗೂ ನ್ಯಾಯವಾಗಿ ದೊರೆಯಲು ಇಂತಹ ವಿಭಾಗಗಳನ್ನು ಹೆಚ್ಚಿಸಿದರೆ ಸಾಲದೇ? ಅಲ್ಲದೆ, ಮೊದಲು ಬಂದವರನ್ನು ಕಾಯಿಸಿ ಆಮೇಲೆ ಬಂದವರನ್ನು ಒಳಗೆ ಕರೆಯುವುದು ಯಾವ ನ್ಯಾಯ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ರೋಗಿ ಬಂದ ಕೂಡಲೇ ತರಬೇತಿ ಪಡೆದ ನರ್ಸ್ ಒಬ್ಬರು ಉಸಿರಾಟ, ನಾಡಿ, ರಕ್ತದೊತ್ತಡ ಮತ್ತು ಪ್ರಜ್ಞೆಯ ಸ್ಥಿತಿಯನ್ನು ಪರೀಕ್ಷಿಸಿ, ಪ್ರಾಣಾಪಾಯ ಎಷ್ಟಿದೆ ಎಂಬುದರ ಮೇಲೆ ದರ್ಜೆ ನಿಗದಿ ಮಾಡುತ್ತಾರೆ. ಇದನ್ನು ಟ್ರಯಾಜ್ ಎನ್ನುತ್ತಾರೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಇಂತಹ 5 ದರ್ಜೆಗಳಿದ್ದು, ಕೆಂಪು ಗುರುತಿನವರನ್ನು ತಕ್ಷಣವೇ, ಕಿತ್ತಳೆ ಗುರುತಿನವರನ್ನು 10 ನಿಮಿಷಗಳೊಳಗೆ ವೈದ್ಯರು ನೋಡಬೇಕು. ನೀಲಿ ಗುರುತಿನವರು 240 ನಿಮಿಷಗಳವರೆಗೂ ಕಾಯಬೇಕಾಗಬಹುದು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೇ ಗಾಯಾಳುವಿನ ಪದವಿಯನ್ನು ಬದಿಗಿಟ್ಟು ಗಾಯದ ತೀವ್ರತೆಯನ್ನೇ ಪರಿಗಣಿಸಿದ್ದು ಇದೇ ತತ್ವದ ಮೇಲೆ. ಬಂದ ಸರದಿಯನ್ನೇ ಪಾಲಿಸಿದರೆ ಹೃದಯಾಘಾತವಾದವರು ಕಾಲು ಉಳುಕಿದವರ ಹಿಂದೆ ನಿಲ್ಲಬೇಕಾಗುತ್ತದೆ. ಅದನ್ನು ನ್ಯಾಯವೆಂದು ನೀವೂ ಒಪ್ಪಲಾರಿರಿ.

ಆದರೆ ಈ ಅಳತೆಯನ್ನು ಮಾಡುವವರು ಮನುಷ್ಯರೇ ಆದ್ದರಿಂದ ಪಕ್ಷಪಾತ ಒಳಗೂ ನುಸುಳಬಲ್ಲದು. ಮೂಳೆ ಮುರಿದುಕೊಂಡು ಬಂದ ಕಪ್ಪು ವರ್ಣೀಯರಿಗೆ ನೋವು ನಿವಾರಕ ಔಷಧ ಸಿಗುವ ಸಾಧ್ಯತೆ ಬಿಳಿಯರಿಗಿಂತ ಕಡಿಮೆ ಇತ್ತು ಎಂಬುದು ಅಮೆರಿಕದ ಅಧ್ಯಯನಗಳಲ್ಲಿ ಕಂಡುಬಂದಿದೆ. ರೋಗಿಯ ಭಾಷೆ ಬಲ್ಲವರು ಅಲ್ಲಿ ಇಲ್ಲದಿದ್ದರೆ ನೋವಿನ ವಿವರವೇ ವೈದ್ಯರಿಗೆ ತಲುಪುವುದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಹಣ ಪಾವತಿಸಿದ ಮೇಲೆಯೇ ಚಿಕಿತ್ಸೆ ಎಂಬ ಷರತ್ತಿಲ್ಲದೆ ತುರ್ತು ಆರೈಕೆ ಎಲ್ಲರಿಗೂ ದೊರೆಯಬೇಕೆಂದು ವಿಶ್ವ ಆರೋಗ್ಯ ಸಭೆಯು 2019ರ ನಿರ್ಣಯದಲ್ಲಿ ಸದಸ್ಯ ರಾಷ್ಟ್ರಗಳನ್ನು ಕೋರಿದೆ. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ, ಪಾವತಿಸುವ ಶಕ್ತಿ ಇರಲಿ ಇಲ್ಲದಿರಲಿ, ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಿ, ಸ್ಥಿತಿ ಸ್ಥಿರವಾಗುವವರೆಗೆ ಚಿಕಿತ್ಸೆ ಕೊಡಬೇಕು. ಇದು ದೊಡ್ಡ ರಕ್ಷಣೆಯೇ ಸರಿ. ಆದರೂ ಆ ಕಾನೂನು ಚಿಕಿತ್ಸೆಯನ್ನು ಉಚಿತಗೊಳಿಸಿಲ್ಲ, ಸ್ಥಿತಿ ಸ್ಥಿರವಾದ ನಂತರದ ಆರೈಕೆಯ ಹೊಣೆಯನ್ನೂ ಹೊರಿಸಿಲ್ಲ.

ಸಾಲದು ಎಂದು ನಾನು ಹೇಳುವುದು ಈ ಕಾರಣಕ್ಕೇ. ಇನ್ಸುಲಿನ್ ಕೊಳ್ಳಲಾಗದೆ, ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತು ತರುವ ಕೀಟೋಆಸಿಡೋಸಿಸ್‌ಗೆ ತುತ್ತಾಗಿ ಬಂದ ಮಧುಮೇಹಿಯನ್ನು ಸಲೈನ್ ಮತ್ತು ಇನ್ಸುಲಿನ್ ಕೊಟ್ಟು ಉಳಿಸುತ್ತಾರೆ. ಮನೆಗೆ ಹೋದ ಮೇಲೆ ಇನ್ಸುಲಿನ್ ಮತ್ತೆ ಕೈಗೆಟುಕದಿದ್ದರೆ ಅದೇ ವ್ಯಕ್ತಿ ಅದೇ ಸ್ಥಿತಿಯಲ್ಲಿ ಮರಳಿ ಬರುತ್ತಾನೆ. ಆಂಬುಲೆನ್ಸ್ ಸಕಾಲಕ್ಕೆ ತಲುಪದಷ್ಟು ದೂರದಲ್ಲಿರುವವರಿಗಂತೂ ಆಸ್ಪತ್ರೆಯ ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಒಂದೇ.

ಸಣ್ಣಪುಟ್ಟ ಕಾಯಿಲೆಯವರು ಬರುವುದರಿಂದಲೇ ತುರ್ತು ವಿಭಾಗ ಕಿಕ್ಕಿರಿಯುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಇದು ಆ ರೋಗಿಗಳಿಗೆ ಮಾಡುವ ಅನ್ಯಾಯ. ದಟ್ಟಣೆಗೆ ಮುಖ್ಯ ಕಾರಣ, ದಾಖಲಾಗಬೇಕೆಂದು ತೀರ್ಮಾನವಾದವರು ವಾರ್ಡಿನಲ್ಲಿ ಹಾಸಿಗೆ ಸಿಗದೆ ಅಲ್ಲಿಯೇ ಗಂಟೆಗಟ್ಟಲೆ ಉಳಿಯುವುದು. ಆದ್ದರಿಂದ ತುರ್ತು ವಿಭಾಗಗಳನ್ನು ಹೆಚ್ಚಿಸುವುದರ ಜೊತೆಗೆ ವಾರ್ಡುಗಳಲ್ಲಿ ಹಾಸಿಗೆಗಳು, ಮನೆಯ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ನಿತ್ಯದ ಔಷಧಗಳೂ ಬೇಕು. ಅವು ಇಲ್ಲದಿದ್ದರೆ ಹೊಸ ವಿಭಾಗವೂ ಬೇಗನೆ ಹೀಗೆಯೇ ತುಂಬಿಹೋಗುತ್ತದೆ.