ಅಜ್ಜಿಯ ಫೋಟೋಗೆ ಯಾವ ರೋಲ್?

ಪ್ರಶ್ನೆ: ಮೇಡಂ, ಬರುವ ತಿಂಗಳು ನಮ್ಮಜ್ಜಿಗೆ ಎಂಬತ್ತು ತುಂಬುತ್ತದೆ. ಅಪ್ಪನ ಹಳೇ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ರಿಪೇರಿ ಮಾಡಿಸಿದ್ದೇನೆ. ಅದರಲ್ಲೇ ಅಜ್ಜಿಯ ಫೋಟೋ ತೆಗೆಯುವ ಆಸೆ. ಅಜ್ಜಿ ಹಣೆ ತುಂಬ ಕುಂಕುಮ ಇಡುತ್ತಾರೆ, ಹಬ್ಬಕ್ಕೆ ಹಸಿರು ಮೈಸೂರು ಸಿಲ್ಕ್ ಉಡುತ್ತಾರೆ. ಈಗಿನ ಬೆಲೆಗೆ ಒಂದೇ ಫಿಲ್ಮ್ ರೋಲ್ ಕೊಳ್ಳೋಕಾಗೋದು. ವಯಸ್ಸಾದವರಿಗೆ ಬ್ಲ್ಯಾಕ್ ಅಂಡ್ ವೈಟೇ ಚೆಂದ ಅಂತ ಸ್ನೇಹಿತರು ಹೇಳುತ್ತಾರೆ. ಯಾವುದು ಹಾಕಲಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಕಲರ್ ಹಾಕಿ. ನನಗೆ ಬ್ಲ್ಯಾಕ್ ಅಂಡ್ ವೈಟ್ ಅಂದರೆ ಪ್ರಾಣ. ಬೇಸಿಗೆಯಲ್ಲಿ ಬೆಂಗಳೂರಿನ ನಲ್ಲಿ ನೀರು ಫಿಲ್ಮ್ ತೊಳೆಯೋಕೆ ಬೇಕಾದ 20 ಡಿಗ್ರಿಗೆ ಇಳಿಯೋದಿಲ್ಲ ಅಂತ ಐಸ್ ಹಾಕಿಕೊಂಡು ಮನೆಯಲ್ಲೇ ಡೆವಲಪ್ ಮಾಡುತ್ತೇನೆ. ಆದರೂ ನಿಮ್ಮಜ್ಜಿಗೆ ಕಲರೇ ಸರಿ.

ಕಾರಣ ಆ ಕುಂಕುಮ. ಕಪ್ಪು ಬಿಳುಪಿನಲ್ಲಿ ಕೆಂಪೂ ಒಂದು ಬೂದು, ಮೈಬಣ್ಣವೂ ಒಂದು ಬೂದು. ಮೈಬಣ್ಣ ಸ್ವಲ್ಪ ಕಪ್ಪಿದ್ದರೆ ಎರಡೂ ಹತ್ತಿರ ಹತ್ತಿರ ಬಂದು ಕುಂಕುಮ ಹಣೆಯಲ್ಲೇ ಕರಗಿಬಿಡುತ್ತದೆ. ಚರ್ಮ ನಯವಾಗಿ ಕಾಣಲಿ ಅಂತ ಲೆನ್ಸ್ ಮುಂದೆ ಕೆಂಪು ಗಾಜಿನ ಫಿಲ್ಟರ್ ಹಾಕಿದರಂತೂ ಕುಂಕುಮ ಬೆಳ್ಳಗಾಗಿ ಮಾಯ! ಹಸಿರು ಫಿಲ್ಟರ್ ಹಾಕಿದರೆ ಕುಂಕುಮ ಕಪ್ಪಗೆ ಎದ್ದು ಕಾಣುತ್ತದೆ, ಜೊತೆಗೆ ಮುಖದ ಕಲೆ, ಸುಕ್ಕೂ ಕೂಡ. ಅಜ್ಜಿಗೆ ಅದು ಇಷ್ಟವಾಗುತ್ತಾ? ಸುಕ್ಕು ತೋರಿಸಿದರೇನೇ ವಯಸ್ಸಾದವರ ಫೋಟೋ ಅನ್ನೋದನ್ನು ನಾನು ಒಪ್ಪೋದಿಲ್ಲ.

ಇನ್ನೊಂದು ಮಾತು. ಕಲರ್ ನೆಗೆಟಿವ್ ಸ್ಕ್ಯಾನ್ ಮಾಡಿಸಿ ಆಮೇಲೆ ಕಪ್ಪು ಬಿಳುಪು ಮಾಡಿಕೊಳ್ಳಬಹುದು. ಕಪ್ಪು ಬಿಳುಪಿನಿಂದ ಆ ಸೀರೆಯ ಹಸಿರು ವಾಪಸ್ ಬರೋದಿಲ್ಲ.

ಆದರೆ ಕಲರ್ ಫಿಲ್ಮ್ ಸುತ್ತಲಿನ ಬಣ್ಣವನ್ನೂ ಮುಖಕ್ಕೆ ಬಳಿಯುತ್ತದೆ. ಟ್ಯೂಬ್‌ಲೈಟ್ ಕೆಳಗೆ ಮುಖ ಹಸಿರು. ಲಾಲ್‌ಬಾಗ್ ಹತ್ತಿರವೇ ಅಂತ ಮರದಡಿ ಕೂರಿಸಿದರೆ ಎಲೆಯಿಂದ ಸೋಸಿ ಬಂದ ಬೆಳಕಿಗೂ ಅದೇ ಗತಿ. ಬೆಳಗ್ಗೆ ಮನೆಯ ಕಿಟಕಿ ಪಕ್ಕ, ಬಿಳಿ ಅಥವಾ ಕೆನೆ ಬಣ್ಣದ ಗೋಡೆ ಇರೋ ಕಡೆ ಕೂರಿಸಿ. ಲೈಟೆಲ್ಲ ಆರಿಸಿ.

ಕೋಡ್ಯಾಕ್ ಪೋರ್ಟ್ರಾ 400 ಸಿಕ್ಕರೆ ಅದನ್ನೇ ತನ್ನಿ, ಮೈಬಣ್ಣ ಚೆನ್ನಾಗಿ ಬರಲಿ ಅಂತಲೇ ಮಾಡಿದ ಫಿಲ್ಮ್ ಅದು. ಕ್ಯಾಮೆರಾಗೆ ಫಿಲ್ಮಿನ ವೇಗ ಹೇಳುವ ಎಎಸ್ಎ ಡಯಲ್ 400ರ ಬದಲು 200ಕ್ಕೆ ಇಡಿ, ಆಗ ಫಿಲ್ಮಿಗೆ ಬೆಳಕು ಜಾಸ್ತಿ ಬೀಳುತ್ತದೆ. ಕಲರ್ ನೆಗೆಟಿವ್ ಜಾಸ್ತಿ ಬೆಳಕು ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ನೆರಳೆಲ್ಲ ಕೊಳೆ ಕೊಳೆ. ದುಬಾರಿ ಅನಿಸಿದರೆ ಗೋಲ್ಡ್ 200 ತಂದು ಡಯಲ್ 100ಕ್ಕೆ ಇಡಿ.

ರಾತ್ರಿ ಆರತಿ ಹೊತ್ತಿನಲ್ಲೇ ತೆಗೆಯಬೇಕು ಅಂತಿದ್ದರೆ ಮಾತ್ರ ಇಲ್‌ಫರ್ಡ್ ಎಚ್‌ಪಿ5 ಅನ್ನೋ ಕಪ್ಪು ಬಿಳುಪು ಫಿಲ್ಮ್ ಹಾಕಿ, ಡಯಲ್ 1600ಕ್ಕೆ ಇಟ್ಟು ತೆಗೆಯಿರಿ, 1600ಕ್ಕೆ ಪುಶ್ ಮಾಡಿ (ಅಂದರೆ ಹೆಚ್ಚು ಹೊತ್ತು ಡೆವಲಪ್ ಮಾಡಿ) ಅಂತ ಲ್ಯಾಬಿಗೆ ಹೇಳಿ.

ಲ್ಯಾಬಿನವರು ಸ್ಕ್ಯಾನ್ ಕಳಿಸಿದರೆ ಸಾಲದು, ನೆಗೆಟಿವ್ ಕೇಳಿ ತನ್ನಿ. ಕಲರ್ ಡೈ ವರ್ಷ ಕಳೆದಂತೆ ಮಾಸುತ್ತದೆ, ಹಾಗಾಗಿ ಬಿಸಿಲು, ತೇವ ತಾಗದ ಬೀರುವಿನಲ್ಲಿಡಿ.