ಕಾಸರಗೋಡಿನ ಹಿರಿಯರ ಬಗ್ಗೆ ಕೇಳಿದ್ರಿ, ನನ್ನ ಅಪ್ಪನ ಬಗ್ಗೆ ಹೇಳ್ತೇನೆ

ಹಳೇ ತಲೆಮಾರಿನವರು ಇಲ್ಲಿ ಹೇಗೆ ಬದುಕಿದ್ರು ಅಂತ ಕೇಳಿದ್ರಲ್ಲ, ಎಲ್ಲರದ್ದು ನನಗೆ ಹೇಳ್ಲಿಕ್ಕಾಗುದಿಲ್ಲ, ನನ್ನ ಅಪ್ಪನದ್ದು ಗೊತ್ತುಂಟು. ಹೋದ ವರ್ಷ ತೀರಿಕೊಂಡ್ರು. ಅವರದ್ದು ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವ ಕೆಲಸ.

ನಮ್ಮಲ್ಲಿ ಗುಡ್ಡ ಪೂರಾ ಮುರಕಲ್ಲು, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲು. ಆ ಗುಡ್ಡಕ್ಕೆ ಅಡ್ಡಕ್ಕೆ, ಒಬ್ಬ ಆಳು ನಿಲ್ಲುವಷ್ಟು ಎತ್ತರ ಹೆಗಲು ತಾಗುವಷ್ಟು ಅಗಲಕ್ಕೆ ಪಿಕ್ಕಾಸಲ್ಲಿ ಕೊರೀತಾ ಹೋಗುದು, ಒಬ್ರು ಒಳಗೆ ಅಗೀತಾರೆ ಇನ್ನೊಬ್ರು ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕ್ತಾರೆ, ಒರತೆ ಸಿಕ್ಕಿತು ಅಂದ್ರೆ ನೀರು ತನ್ನಷ್ಟಕ್ಕೇ ಹರಿದು ಬರ್ತದೆ, ಪಂಪು ಬೇಡ ಕರೆಂಟು ಬೇಡ. ಮೊದಲೆಲ್ಲ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಆ ನೀರನ್ನು ಮನೆ ಅಂಗಳದವರೆಗೆ ತರ್ತಿದ್ರು, ಈಗ ಪೈಪು. ಸುರಂಗದ ಉದ್ದ ಅಳೆಯುದು ಕೋಲು ಅನ್ನುವ ಹಳೇ ಅಳತೆಯಲ್ಲಿ, ಕೂಲಿಯೂ ಕೋಲಿಗೆ ಇಷ್ಟು ಅಂತ. ಅಪ್ಪ ಒಳಗೆ ಹೋಗುವಾಗ ಕ್ಯಾಂಡಲ್ ಹಚ್ಚಿ ಇಟ್ಟುಕೊಳ್ತಿದ್ರು, ಅದು ಮಂಕಾದ್ರೆ ಗಾಳಿ ಸಾಲದು, ಕೂಡ್ಲೇ ಹೊರಗೆ. ಅಮ್ಮ ಅವರು ಬರುವವರೆಗೆ ಊಟ ಮಾಡ್ತಿರಲಿಲ್ಲ. ನೀರು ಎಲ್ಲಿ ಸಿಗ್ತದೆ ಅಂತ ಮರ, ಹುತ್ತ, ಮಣ್ಣಿನ ಬಣ್ಣ ನೋಡಿ ಹೇಳ್ತಿದ್ರು, ಶಾಲೆ ಅಂತ ಜಾಸ್ತಿ ಕಲಿತವರಲ್ಲ.

ಕರ್ನಾಟಕ-ಕೇರಳ ಗಡಿ ವಿಷಯ ಅವರಿಗೆ ಬೇಡವಾಗಿತ್ತು ಅಂತ ಮಾತ್ರ ತಿಳ್ಕೊಳ್ಬೇಡಿ. ಅವರು ಹುಟ್ಟಿದ್ದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಹೋಯ್ತು. 1967ರಲ್ಲಿ ಗಡಿ ವಿವಾದ ನೋಡ್ಲಿಕ್ಕೆ ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ್ದು ಕರ್ನಾಟಕಕ್ಕೆ ಸೇರ್ಬೇಕು ಅಂತ ವರದಿ ಕೊಟ್ಟಿತ್ತಲ್ಲ, ಅದನ್ನು ಕೊನೆವರೆಗೂ ಹೇಳ್ತಿದ್ರು, ಆಗ್ಬೇಕಿತ್ತು ಆಗ್ಲಿಲ್ಲ ಅಂತ ಬೇಜಾರು ಇತ್ತು. ಮಕ್ಕಳನ್ನೆಲ್ಲ ಕನ್ನಡ ಮೀಡಿಯಂಗೇ ಹಾಕಿದ್ರು. ಆದ್ರೆ ಕೆಲಸದ ಜಾಗದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಇಲ್ಲಿನ ಮುಸ್ಲಿಮರಾದ ಬ್ಯಾರಿಗಳ ಮನೆಗೆ ಹೋದ್ರೆ ಅವರ ಬ್ಯಾರಿ ಮಾತು, ನೀರಿಗೆ ಕರೆದವರು ಯಾವ ಮನೆಯವರು ಅಂತ ಒಂದು ದಿನ ನೋಡಿದವರಲ್ಲ. ನನಗೆ ಅವರಲ್ಲಿ ಎಲ್ಲಕ್ಕಿಂತ ಇಷ್ಟವಾದ್ದು ಇದೇ. ಅವರ ಉತ್ತರಕ್ರಿಯೆಗೆ ಬಂದವರಲ್ಲಿ ಅರ್ಧ ಜನ ನನಗೆ ಪರಿಚಯ ಇಲ್ಲ, ಒಬ್ಬೊಬ್ರೂ ಬಂದು ನಮ್ಮ ಮನೆಯ ಸುರಂಗ ನಿಮ್ಮ ಅಪ್ಪನೇ ತೋಡಿದ್ದು ಅಂತ ಹೇಳಿ ಹೋದ್ರು.

ನನ್ನ ಮಕ್ಕಳಿಗೆ ಅಜ್ಜ ಅಂದ್ರೆ ಪ್ರಾಣ. ವಯಸ್ಸಾದ ಮೇಲೆ ಅಗೆಯುವ ಶಕ್ತಿ ಇರಲಿಲ್ಲ, ಆದ್ರೂ ವರ್ಷಕ್ಕೊಮ್ಮೆ ನಮ್ಮ ಸುರಂಗದ ಕೆಸರು ತೆಗೀಲಿಕ್ಕೆ ಪುಳ್ಳಿಯಕ್ಕಳನ್ನು, ಅಂದ್ರೆ ಮೊಮ್ಮಕ್ಕಳನ್ನು, ಕರ್ಕೊಂಡು ಹೋಗಿ ಸುರಂಗದ ಬಾಯಲ್ಲಿ ಕೂತು, ಎಲ್ಲಿ ತಲೆ ಬಗ್ಗಿಸ್ಬೇಕು ಎಲ್ಲಿ ಗೋಡೆ ಮುಟ್ಬಾರ್ದು ಎಲ್ಲ ಹೇಳಿಕೊಡ್ತಿದ್ರು. ಬೋರ್‌ವೆಲ್ ಬಂದ ಮೇಲೆ ಹೊಸ ಸುರಂಗ ತೋಡಿಸುವವರು ಕಮ್ಮಿ, ಕೆಲಸ ಗೊತ್ತಿದ್ದವರೂ ಕಮ್ಮಿ, ಅದು ಅವರಿಗೆ ದೊಡ್ಡ ಚಿಂತೆ.

ನೀವು ನೋಡ್ಲಿಕ್ಕೆ ಬರುದಾದ್ರೆ ಏಪ್ರಿಲಲ್ಲಿ ಬನ್ನಿ, ಮಳೆಗಾಲದಲ್ಲಿ ಎಲ್ಲ ಕಡೆ ನೀರೇ, ಸುರಂಗದ ಬೆಲೆ ಗೊತ್ತಾಗುದಿಲ್ಲ. ಮಗಳು ಒಳಗೆ ಕರ್ಕೊಂಡು ಹೋಗ್ತಾಳೆ, ಚಪ್ಪಲಿ ಹೊರಗೆ ಬಿಡ್ಬೇಕಾಗ್ತದೆ.